ಆ 20 ನಿಮಿಷ ಜೊತೆಗಿದ್ದ ಚಾಟ್‌ಬಾಟ್

ಎಚ್‌ಐವಿ ಇದೆಯಾ ಇಲ್ಲವಾ ಅಂತ ನಾವೇ ನೋಡಿಕೊಳ್ಳುವ ಕಿಟ್ ತರಿಸಿದ್ದೆ, ಒಸಡಿನ ಮೇಲೆ ಕಡ್ಡಿ ಸವರುವ ಥರದ್ದು. ಪೆಟ್ಟಿಗೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಚಾಟ್‌ಬಾಟ್ ತೆರೆಯುತ್ತದೆ. ಈ ರಿವ್ಯೂ ಅದರ ಬಗ್ಗೆ.

ಹೆಸರು ಕೇಳಲಿಲ್ಲ. ಮೊದಲ ಪ್ರಶ್ನೆಯೇ "ಲೈಂಗಿಕ ಸಂಪರ್ಕ ಆಗಿ ಎಷ್ಟು ದಿನ ಆಯಿತು?" ಇಲ್ಲೇ ಅದಕ್ಕೆ ಅರ್ಧ ಅಂಕ ಕೊಟ್ಟೆ. ಯಾಕಂದರೆ 72 ಗಂಟೆಯೊಳಗಿದ್ದರೆ ಕಿಟ್ ಬದಿಗಿಟ್ಟು ತಕ್ಷಣ ಡಾಕ್ಟರ ಹತ್ತಿರ ಓಡಬೇಕು, ಸೋಂಕು ತಡೆಯಲು 28 ದಿನ ತಗೊಳ್ಳುವ ಪೆಪ್ ಮಾತ್ರೆ ಇದೆ, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಇನ್ನು 3 ತಿಂಗಳು ತುಂಬುವ ಮೊದಲು ಈ ಕಿಟ್‌ನಲ್ಲಿ ನೆಗೆಟಿವ್ ಬಂದರೂ ನಂಬಿ ಕೂರುವ ಹಾಗಿಲ್ಲ. ನನ್ನದು 4 ತಿಂಗಳ ಹಿಂದಿನ ವಿಷಯ, ಹಾಗಾಗಿ ಮುಂದುವರಿಯಿರಿ ಅಂದಿತು.

ಮೇಲಿನ ಒಸಡು ಒಂದು ಸಲ, ಕೆಳಗಿನದು ಒಂದು ಸಲ, ಆಮೇಲೆ ಕಡ್ಡಿಯನ್ನು ಟ್ಯೂಬಿನಲ್ಲಿ ಇಳಿಸಿದೆ. ಪುಟ್ಟ ಕಿಟಕಿಯಲ್ಲಿ ಗುಲಾಬಿ ಬಣ್ಣ ನಿಧಾನಕ್ಕೆ ಮೇಲೇರಿ 'ಸಿ' ಹತ್ತಿರ, ಕಿಟ್ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ಗೆರೆ ಮೂಡಿತು. "ಒಂದೇ ಗೆರೆ, ಮುಗೀತಾ?" ಅಂತ ಟೈಪ್ ಮಾಡಿದೆ. "ಇಲ್ಲ, 20 ನಿಮಿಷ ತುಂಬಲಿ. ಅಲ್ಲಿವರೆಗೆ ಏನಾದರೂ ಕೇಳುವುದಿದೆಯಾ?" ಅಂದಿತು. ಯಾರ ಮುಖ ನೋಡಿಯೂ ಕೇಳಲಾಗದ್ದನ್ನೆಲ್ಲ ಕೇಳಿಬಿಟ್ಟೆ. ಎರಡು ಗೆರೆ ಬಂದರೆ? ಅದೇ ಕೊನೆಯ ಮಾತಲ್ಲ, ಲ್ಯಾಬಿನಲ್ಲಿ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳಬೇಕು ಅಂದಿತು. ಖಚಿತವಾದರೂ, ದಿನಾ ಮಾತ್ರೆ ತಗೊಂಡು ವೈರಸ್ ಪರೀಕ್ಷೆಗೆ ಸಿಗದಷ್ಟು ಕಮ್ಮಿಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ ಅಂತಲೂ ಹೇಳಿತು. ಆ ಉತ್ತರವನ್ನು ಎರಡು ಸಲ ಓದಿದೆ. ಕೈ ನಡುಕ ಸ್ವಲ್ಪ ನಿಂತಿತು.

ಕೊನೆಗೂ ಒಂದೇ ಗೆರೆ. ನೆಗೆಟಿವ್.

ಈಗ ಬೇಸರದ ವಿಷಯ. "ಕೆಳಗೆ ಉರೀತಿದೆ" ಅಂದರೆ ಅರ್ಥವೇ ಆಗಲಿಲ್ಲ, "ಮೂತ್ರ ಮಾಡುವಾಗ ಉರಿ" ಅಂತ ಬರೆದ ಮೇಲಷ್ಟೇ ಈ ಕಿಟ್ ಎಚ್‌ಐವಿಯನ್ನು ಮಾತ್ರ ನೋಡುತ್ತದೆ, ಗೊನೊರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕುಗಳಿಗೆ ಬೇರೆ ಪರೀಕ್ಷೆ ಬೇಕು ಅಂತ ತಿಳಿಸಿತು. ಜನ ಮಾತಾಡುವುದೇ ಹೀಗಲ್ವಾ? ರಾತ್ರಿ "ಕೌನ್ಸೆಲರ್ ಜೊತೆ ಮಾತಾಡಿ" ಬಟನ್ ಒತ್ತಿದ್ದಕ್ಕೆ ಉತ್ತರ ಬಂದದ್ದು ಮರುದಿನ ಬೆಳಿಗ್ಗೆ. ನನಗೆ ಪರವಾಗಿಲ್ಲ, ಆದರೆ ಎರಡು ಗೆರೆ ಕಂಡವರು ರಾತ್ರಿಯಿಡೀ ಒಬ್ಬರೇ ಕೂತಿರಬೇಕಾ? ಅಲ್ಲೊಬ್ಬ ಮನುಷ್ಯ ಇರಲೇಬೇಕು.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಮಾರನೇ ದಿನ. ಫೋನ್ ಮೇಜಿನ ಮೇಲಿತ್ತು, ಪಕ್ಕದಲ್ಲಿ ಜನ ಇದ್ದರು, ಲಾಕ್ ಆಗಿದ್ದ ಸ್ಕ್ರೀನ್ ಮೇಲೆ "ನಿಮ್ಮ ಎಚ್‌ಐವಿ ಫಲಿತಾಂಶ ಏನಾಯಿತು?" ಅಂತ ಪೂರ್ತಿ ಸಾಲು ಮೂಡಿತು. ಹೆಸರು ಕೇಳದಷ್ಟು ಜಾಗ್ರತೆ ಇದ್ದವರು ಇದನ್ನು ಹೇಗೆ ಬಿಟ್ಟರು? 5ಕ್ಕೆ 3 ಕೊಡುತ್ತಿದ್ದೇನೆ. ಬಳಸಿ, ಆದರೆ ಕೋಡ್ ಸ್ಕ್ಯಾನ್ ಮಾಡುವ ಮುಂಚೆಯೇ ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ.