ಸೆಂಟರ್ ಡಿಫ್‌ಗೆ 10 ಸಾವಿರವೋ, 30 ಸಾವಿರವೋ, 1 ಲಕ್ಷವೋ?

ನನ್ನ ಫೋರ್ ವ್ಹೀಲ್ ಡ್ರೈವ್ ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ) ಟ್ರಕ್‌ನಲ್ಲಿ ಮೂರು ಡಿಫ್ ಇವೆ: ಮುಂದೆ, ನಡುವೆ, ಹಿಂದೆ. ಡಿಫ್ ಅಂದರೆ ಡಿಫರೆನ್ಷಿಯಲ್, ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಒಳಗೆ ಎಣ್ಣೆ ತುಂಬಿದ ಗೇರು ಡಬ್ಬಿ; ನಡುವಿನದು, ಅಂದರೆ ಸೆಂಟರ್ ಡಿಫ್, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ತಿರುಗುವಿಕೆ ಹಂಚುತ್ತದೆ. ಮೂರಕ್ಕೂ ಒಟ್ಟಿಗೆ ಎಣ್ಣೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ, ಮೊದಲ ಸಲ ನಾನು ಮಾಡಿದ್ದು ಅದನ್ನೇ. ಈ ಸಲ ಮುಂದಿನದಕ್ಕೆ 10 ಸಾವಿರ ಸಿಎಸ್‌ಟಿ (ಎಣ್ಣೆಯ ದಪ್ಪದ ಅಳತೆ, ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ), ಹಿಂದಿನದಕ್ಕೆ 5 ಸಾವಿರ ಹಾಗೇ ಬಿಟ್ಟು ನಡುವಿನದನ್ನು ಮಾತ್ರ ಬಿಚ್ಚಿದೆ. ಅದೇ ಟೈರು, ಅದೇ ಸಡಿಲ ಮಣ್ಣು.

ಮೊದಲು 10 ಸಾವಿರ. ಟ್ರಕ್ ಮೆತ್ತಗೆ ಓಡುತ್ತದೆ, ಜಾರುವ ನೆಲದಲ್ಲಿ ಕೈ ತಪ್ಪಿದರೂ ಸುಧಾರಿಸಿಕೊಳ್ಳುತ್ತದೆ. ಆದರೆ ಥ್ರಾಟಲ್ ಪೂರ್ತಿ ಒತ್ತಿದ ಕೂಡಲೇ ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಚಕ್ರಗಳು ಹಗುರಾಗುತ್ತವೆ. ಡಿಫ್‌ಗೆ ಸುಲಭದ ದಾರಿಯೇ ಬೇಕಲ್ವಾ, ತಿರುಗುವಿಕೆಯೆಲ್ಲ ಆ ಕಡೆಗೇ ಓಡಿಹೋಗುತ್ತದೆ. ಮುಂದಿನ ಟೈರುಗಳು ಬಲೂನಿನ ಹಾಗೆ ಉಬ್ಬಿ ಸುಮ್ನೆ ಗಿರ್ರನೆ ಸುತ್ತುತ್ತವೆ. ಸದ್ದು ಜೋರು, ಓಟ ಕಡಿಮೆ.

1 ಲಕ್ಷ ಹಾಕಿದ ದಿನ ಅದಕ್ಕೇ ಮನಸೋತಿದ್ದೆ. ಥ್ರಾಟಲ್ ಮುಟ್ಟಿದರೆ ಸಾಕು, ವ್ಹೀಲಿ: ಮೂತಿ ಮೇಲೆದ್ದು ಹಿಂದಿನ ಚಕ್ರಗಳ ಮೇಲೇ ಓಟ. ನೆಗೆಯಲು, ಕುಣಿಸಲು ಇದೇ ಚೆಂದ. ತಿರುವಿನಲ್ಲಿ ಮಾತ್ರ ಬೇರೆ ಕಥೆ: ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು, ಆದರೆ ಈ ಎಣ್ಣೆ ಎರಡನ್ನೂ ಹೆಚ್ಚುಕಮ್ಮಿ ಒಟ್ಟಿಗೆ ಕಟ್ಟಿಹಾಕಿದ ಹಾಗೆ, ಹಾಗಾಗಿ ಮಣ್ಣಿನಲ್ಲಿ ಬಾಲ ಆಚೆ ಬೀಸುತ್ತದೆ, ಹಿಡಿತ ಇರುವ ನೆಲದಲ್ಲಿ ಗೇರು, ಶಾಫ್ಟು, ಟೈರಿಗೆ ಏಟು ಬೀಳುತ್ತದೆ. ತುಂಬಿಸುವುದೂ ಒಂದು ತಪಸ್ಸು. ಜೇನಿಗಿಂತ ದಪ್ಪ, ಒಳಗೆ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ರಾತ್ರಿಯಿಡೀ ಹಾಗೇ ಇಟ್ಟು ಬೆಳಿಗ್ಗೆ ಮತ್ತೆ ಸ್ವಲ್ಪ ಹಾಕಿ ಮುಚ್ಚಿದೆ.

ಎರಡನೇ ದಿನಕ್ಕೇ ಅದು ತೆಳು ಎಣ್ಣೆಯ ಹಾಗೆ ಆಡತೊಡಗಿತು. ಬಾಟಲಿಯೇ ಮೋಸ ಅಂದುಕೊಂಡು ಬಿಚ್ಚಿದರೆ, ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಮಡಚಿಕೊಂಡು ಕುಳಿತಿತ್ತು, ಎಣ್ಣೆ ಸೋರಿ ಅರ್ಧಕ್ಕೆ ಬಂದಿತ್ತು. ಜೋಡಿಸಿದ್ದು ನಾನೇ! ಅಂಚಿನವರೆಗೂ ತುಂಬಿದ್ದು ಇನ್ನೊಂದು ತಪ್ಪು, ಬಿಸಿಯಾದಾಗ ಹಿಗ್ಗಲು ಜಾಗವೇ ಇರಲಿಲ್ಲ. ಒಳಗಿನ ಅಡ್ಡ ಪಿನ್ನು ಮುಳುಗುವಷ್ಟು ಇದ್ದರೆ ಸಾಕು. ಈಗ ಡಿಫ್ ಅನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ಪ್ರತಿ ಸಲವೂ ಅಷ್ಟೇ ತೂಕದ ಎಣ್ಣೆ ಹಾಕುತ್ತೇನೆ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ಕೊನೆಗೆ ಟ್ರಕ್‌ನಲ್ಲಿ ಉಳಿದದ್ದು 30 ಸಾವಿರ. ತಿರುವಿನಿಂದ ಹೊರಗೆ ಬರುವಾಗ ನಾಲ್ಕೂ ಚಕ್ರ ನೆಲ ಕಚ್ಚಿ ಎಳೆಯುತ್ತವೆ. ವ್ಹೀಲಿ ಬೇಕೆಂದರೆ ಬರುತ್ತದೆ, ಬೇಡವೆಂದರೆ ಇಲ್ಲ.

ಅದಾದ ಮೇಲೆ ಮುಂದಿನದನ್ನು 5 ಸಾವಿರಕ್ಕೆ ಇಳಿಸಿ ನೋಡಿದೆ. ಥ್ರಾಟಲ್ ಬಿಟ್ಟು ತಿರುವಿಗೆ ನುಗ್ಗುವಾಗ ಮೂತಿ ಚುರುಕಾಗಿ ತಿರುಗಿತು, ಆದರೆ ಮತ್ತೆ ಒತ್ತಿದಾಗ ತಿರುವಿನ ಒಳಬದಿಯ ಮುಂದಿನ ಚಕ್ರವೊಂದೇ ಸುಮ್ನೆ ಸುತ್ತಿ ಎಳೆತ ಸತ್ತುಹೋಯಿತು. ಇಕ್ಕಟ್ಟಾದ ಟ್ರ್ಯಾಕ್ ಆಗಿದ್ದರೆ ಅದನ್ನೇ ಇಡುತ್ತಿದ್ದೆನೇನೋ. ನನ್ನದು ಅಗಲವಾದ ಜಾಗ, 10 ಸಾವಿರಕ್ಕೇ ವಾಪಸ್. ಹಿಂದಿನದಕ್ಕೂ 10 ಸಾವಿರ ಹಾಕಿ ಒಂದು ಬ್ಯಾಟರಿ ಮುಗಿಯುವವರೆಗೆ ಓಡಿಸಿದೆ: ಥ್ರಾಟಲ್ ಒತ್ತಿದಾಗಲೆಲ್ಲ ಬಾಲ ತಿರುಗಿ ಟ್ರಕ್ ನನ್ನ ಕಡೆಗೇ ಮುಖ ಮಾಡಿ ನಿಲ್ಲುತ್ತಿತ್ತು. ಅವತ್ತು ಸಂಜೆಯೇ 5 ಸಾವಿರ ಹಾಕಿ ಮುಚ್ಚಿದೆ.