ರೋಸ್ಟರ್ ಒಂದೇ, ಸಾಫ್ಟ್‌ವೇರ್ ನಾಲ್ಕು: ನಿದ್ದೆಗೆಟ್ಟ ಡ್ರೈವರನ್ನು ಯಾವುದು ಕಂಡುಹಿಡಿಯಿತು?

ನಾನು ಡ್ರೈವರ್‌ಗಳಿಗೆ ಡ್ಯೂಟಿ ಹಾಕುವ, ಅಂದರೆ ರೋಸ್ಟರ್ ಕಟ್ಟುವ ಕೆಲಸ ಮಾಡುತ್ತೇನೆ. ಯಾರಿಗೆ ಯಾವ ಗಾಡಿ, ಎಷ್ಟು ಗಂಟೆಗೆ ಹತ್ತಬೇಕು, ಯಾವಾಗ ರಜೆ, ಎಲ್ಲ ನನ್ನ ಟೇಬಲ್ ಮೇಲೇ ತೀರ್ಮಾನ ಆಗುತ್ತದೆ. ಬೆಳಗಿನ ಜಾವ ಯಾರಾದರೂ ಸ್ಟೀರಿಂಗ್ ಹಿಡಿದು ತೂಕಡಿಸಿದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ. ಅದಕ್ಕೇ ಆಯಾಸ ಪತ್ತೆ ಮಾಡುವ ನಾಲ್ಕು ಬಗೆಯ ಸಾಫ್ಟ್‌ವೇರ್‌ಗಳನ್ನು ಒಂದೇ ತಿಂಗಳ ಡ್ಯೂಟಿಗಳ ಮೇಲೆ ಓಡಿಸಿ ನೋಡಿದೆ.

ಮೊದಲನೆಯದು ಗಂಟೆ ಎಣಿಸುವ ಸಾಫ್ಟ್‌ವೇರ್. ಡ್ಯೂಟಿ ಮಿತಿ ದಾಟಿದರೆ ಕೆಂಪು, ಇಲ್ಲದಿದ್ದರೆ ಹಸಿರು. ಕಾನೂನಿನ ಲೆಕ್ಕಕ್ಕೆ ಇದು ಬೇಕೇ ಬೇಕು. ಆದರೆ ಇದಕ್ಕೆ ಹಗಲು ರಾತ್ರಿಯ ವ್ಯತ್ಯಾಸ ಗೊತ್ತಿಲ್ಲ. ರಾತ್ರಿ 8ಕ್ಕೆ ಇಳಿದು ಬೆಳಿಗ್ಗೆ 7ಕ್ಕೆ ಹತ್ತಿದವನಿಗೂ 11 ಗಂಟೆ ರೆಸ್ಟ್. ಬೆಳಿಗ್ಗೆ 7ಕ್ಕೆ ಇಳಿದು ಸಂಜೆ 6ಕ್ಕೆ ಹತ್ತಿದವನಿಗೂ ಅದೇ 11 ಗಂಟೆ. ಇಬ್ಬರಿಗೂ ಹಸಿರು. ಬಿಸಿಲಲ್ಲಿ, ಮನೆಮಂದಿಯ ಓಡಾಟದ ನಡುವೆ ಎರಡನೆಯವನು ಎಷ್ಟು ಮಲಗಿರುತ್ತಾನೆ ಅಂತ ನೈಟ್ ಡ್ಯೂಟಿ ಮಾಡಿದವರಿಗೆಲ್ಲ ಗೊತ್ತು, ಅಲ್ವಾ?

ಎರಡನೆಯದು ಅಂದಾಜು ಹಾಕುವ ಸಾಫ್ಟ್‌ವೇರ್. ಇದರ ಬೇರು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಕೊಟ್ಟ ವಿವರಣೆಯಲ್ಲಿದೆ. ಎಚ್ಚರ ಇದ್ದಷ್ಟೂ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ಅದರ ಜೊತೆಗೆ ಮೈಯೊಳಗಿನ ಗಡಿಯಾರ ತನ್ನ ಪಾಡಿಗೆ ತಾನು ತಿರುಗುತ್ತದೆ. ನಸುಕಿನ 2ರಿಂದ 6ರವರೆಗೆ ಆ ಗಡಿಯಾರ ಕೊಡುವ ಎಚ್ಚರ ತೀರಾ ಕೆಳಗಿಳಿದಿರುತ್ತದೆ. ಎರಡನ್ನೂ ಸೇರಿಸಿ ಡ್ಯೂಟಿಯ ಪ್ರತಿ ಗಂಟೆಗೂ ಸಾಫ್ಟ್‌ವೇರ್ ಒಂದು ಅಂಕ ಕೊಟ್ಟು ಗೆರೆ ಎಳೆಯುತ್ತದೆ. ಗೆರೆ ಕೆಳಗಿಳಿದಷ್ಟೂ ಆಯಾಸ ಜಾಸ್ತಿ. ವಿಮಾನಯಾನದಲ್ಲಿ, ರೈಲ್ವೆಯಲ್ಲಿ ಬಳಸುವ ಸೇಫ್ಟಿ (SAFTE) ಅನ್ನುವ ಮಾದರಿ ಇದೇ ಜಾತಿಯದು.

ನಮ್ಮ ರೋಸ್ಟರ್ ಹಾಕಿದಾಗ ಪರದೆ ಮೇಲೆ ಬಂದದ್ದನ್ನು ನೋಡಿ ಗಾಬರಿಯಾಯಿತು. ಮೊದಲ ಸಾಫ್ಟ್‌ವೇರ್ ಪೂರ್ತಿ ಹಸಿರು ತೋರಿಸಿದ್ದ ಒಂದು ವಾರದಲ್ಲಿ, ಮೂರನೇ ನೈಟ್ ಡ್ಯೂಟಿಯ ಕೊನೆಯ ಎರಡು ಗಂಟೆ ಗೆರೆ ಧಡಾರನೆ ಕೆಳಗೆ ಬಿದ್ದಿತ್ತು. ಆ ವಾರ ಕಟ್ಟಿದವಳು ನಾನೇ. ಮೂರನೇ ರಾತ್ರಿ ತೆಗೆದು ಮಧ್ಯಾಹ್ನದ ಡ್ಯೂಟಿ ಹಾಕಿದೆ. ಗೆರೆ ಮೇಲೆ ಬಂತು. ರೋಸ್ಟರ್ ಕಟ್ಟುವಾಗಲೇ ಇಂಥ ತಪ್ಪು ತಿದ್ದಲು ಬಿಟ್ಟದ್ದು ಇದೊಂದೇ.

ಆದರೆ ಇದಕ್ಕೂ ಒಂದು ದೊಡ್ಡ ಕುರುಡು ಇದೆ. ಯಾರು ಎಷ್ಟು ಮಲಗಿದರು ಅಂತ ಇದು ನೋಡುವುದಿಲ್ಲ. ಡ್ಯೂಟಿ ಸಮಯ ನೋಡಿ 'ಇಷ್ಟು ಮಲಗಿರಬಹುದು' ಅಂತ ಊಹಿಸುತ್ತದೆ. ಅದೂ ಸರಾಸರಿ ಮನುಷ್ಯನ ಊಹೆ. ಒಂದು ಸಂಜೆ ಹಿರಿಯ ಡ್ರೈವರ್ ಒಬ್ಬರು ನಲ್ಲಿ ಹತ್ತಿರ ಮತ್ತೆ ಮತ್ತೆ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಕಣ್ಣು ಕೆಂಡದ ಹಾಗಿತ್ತು. ಕೇಳಿದೆ. "ಮಗೂಗೆ ಜ್ವರ ಮೇಡಂ, ಎರಡು ರಾತ್ರಿಯಿಂದ ರೆಪ್ಪೆ ಮುಚ್ಚಿಲ್ಲ" ಅಂದರು. ಒಳಗೆ ಬಂದು ಅವರ ಹೆಸರು ಒತ್ತಿದೆ. ಹಸಿರು. ಎರಡು ದಿನ ರಜೆ ಇದ್ದದ್ದರಿಂದ ಸಾಫ್ಟ್‌ವೇರ್ ಪ್ರಕಾರ ಅವರು ಚೆನ್ನಾಗಿ ಮಲಗಿ ಎದ್ದಿದ್ದರು!

ಮೂರನೆಯದು ಕ್ಯಾಬಿನ್ ಕ್ಯಾಮೆರಾ. ಕಣ್ಣು ಶೇ. 80ರಷ್ಟೋ ಅದಕ್ಕಿಂತ ಜಾಸ್ತಿಯೋ ಮುಚ್ಚಿರುವ ಸಮಯವನ್ನು ಲೆಕ್ಕ ಹಾಕಿ ಅಲಾರಂ ಹೊಡೆಯುತ್ತದೆ. ಊಹೆ ಅಲ್ಲ, ಎದುರಿಗಿರುವ ಮನುಷ್ಯನನ್ನೇ ನೋಡುತ್ತದೆ. ಅದು ನಿಜಕ್ಕೂ ದೊಡ್ಡ ವಿಷಯ. ಆದರೆ ಅಲಾರಂ ಹೊಡೆಯುವ ಹೊತ್ತಿಗೆ ಜೊಂಪು ಹತ್ತಿ ಆಗಿರುತ್ತದೆ. 80 ಕಿ.ಮೀ. ವೇಗದಲ್ಲಿ 3 ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 66 ಮೀಟರ್ ದಾಟಿರುತ್ತದೆ. ಕಪ್ಪು ಕನ್ನಡಕ ಹಾಕಿದರೆ, ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ ಸುಮ್ನೆ ಕೂಗಿಕೊಂಡದ್ದೂ ಉಂಟು. ಮೊದಲ ವಾರ ಇಬ್ಬರು ಲೆನ್ಸ್ ಮೇಲೆ ಟೇಪ್ ಅಂಟಿಸಿದ್ದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಆ ವಿಡಿಯೋ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ ಅಂತ ನಾವು ಮೊದಲೇ ಹೇಳಬೇಕಿತ್ತು.

ನಾಲ್ಕನೆಯದು ನೋಡಲು ತೀರಾ ಸಾಧಾರಣ. ಫೋನಿನಲ್ಲಿ ಒಂದು ಪುಟ್ಟ ಫಾರಂ, ಅಷ್ಟೇ. ಡ್ಯೂಟಿಗೆ ಮುಂಚೆ ಎಷ್ಟು ನಿದ್ದೆ ಬರುತ್ತಿದೆ ಅಂತ 1ರಿಂದ 9ರೊಳಗೆ ಒತ್ತಬೇಕು. ಇದು ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಹೆಸರಿನ ಅಳತೆ. 1 ಅಂದರೆ ಪೂರ್ತಿ ಎಚ್ಚರ, 9 ಅಂದರೆ ನಿದ್ದೆಯ ಜೊತೆ ಗುದ್ದಾಟ. ಆಮೇಲೆ 3 ನಿಮಿಷದ ಪರೀಕ್ಷೆ, ಪರದೆ ಮೇಲೆ ಗುರುತು ಬಂದ ಕೂಡಲೇ ಬೆರಳು ಒತ್ತುವುದು. ಒತ್ತಲು ತಡವಾದರೆ ಅದನ್ನು ತಪ್ಪು ಅಂತ ಎಣಿಸುತ್ತದೆ.

ಮೊದಲ ಹತ್ತು ದಿನ ಎಲ್ಲರೂ 2, 3 ಅಂತಲೇ ಒತ್ತಿದರು. ಯಾಕೆ ಅಂತ ತಿಳಿಯಲು ಕಷ್ಟವಾಗಲಿಲ್ಲ. ಧೈರ್ಯ ಮಾಡಿ 8 ಒತ್ತಿದ ಒಬ್ಬರಿಗೆ ಡ್ಯೂಟಿ ಹೋಯಿತು, ಅವತ್ತಿನ ಭತ್ಯೆಯೂ ಹೋಯಿತು. ಮಾರನೇ ದಿನದಿಂದ ಅವರೂ 3! ಮ್ಯಾನೇಜರ್ ಹತ್ತಿರ ಜಗಳವಾಡಿ, ನಿಜ ಹೇಳಿದವರ ದುಡ್ಡು ಕಡಿಯುವುದಿಲ್ಲ ಅಂತ ಬರೆಸಿಕೊಂಡೆ. ಆಮೇಲೆ ಅಂಕಗಳು ಬದಲಾದವು. ಮಗುವಿನ ಜ್ವರ, ಪಕ್ಕದ ಮನೆ ರಿಪೇರಿ, ಬೆನ್ನುನೋವು, ಮಿಕ್ಕ ಮೂರಕ್ಕೂ ಕಾಣದ ಎಲ್ಲವೂ ಈ ಫಾರಂನಲ್ಲಿ ಬರತೊಡಗಿತು.

ಈಗ ನಾವು ಏನು ಇಟ್ಟುಕೊಂಡಿದ್ದೇವೆ? ರೋಸ್ಟರ್ ಕಟ್ಟುವಾಗ ಅಂದಾಜಿನ ಸಾಫ್ಟ್‌ವೇರ್, ದಿನಾ ಫಾರಂ. ಕ್ಯಾಮೆರಾ ಒಬ್ಬರೇ ಹೋಗುವ ರಾತ್ರಿಯ ದೂರದ ಗಾಡಿಗಳಲ್ಲಿ ಮಾತ್ರ. ಗಂಟೆ ಎಣಿಸುವುದು ಲೆಕ್ಕಪತ್ರಕ್ಕೆ ಇದ್ದೇ ಇದೆ. ನೈಟ್ ಡ್ಯೂಟಿ ಅಪರೂಪ ಇರುವ ಕಡೆ ಅಂದಾಜಿನ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ, ಫಾರಂನಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಸ್ಟ್ಯಾಂಡ್‌ಬೈ ಡ್ಯೂಟಿಗೆ ಮಾತ್ರ ಯಾವುದೂ ಸರಿಹೊಂದಲಿಲ್ಲ. ಮನೆಯಲ್ಲಿ ಫೋನ್ ಕಾಯುತ್ತಾ ಕೂತದ್ದನ್ನು ಮೊದಲೆರಡೂ ರೆಸ್ಟ್ ಅಂತಲೇ ಎಣಿಸುತ್ತವೆ. ಯಾವಾಗ ರಿಂಗ್ ಆಗುತ್ತೋ ಅನ್ನುವವನಿಗೆ ನಿದ್ದೆ ಎಲ್ಲಿ ಹತ್ತುತ್ತದೆ? ಹಾಗಾಗಿ ಕರೆ ಮಾಡಿದಾಗ ಮೊದಲು ನಿದ್ದೆಯ ಲೆಕ್ಕವನ್ನೇ ಕೇಳುತ್ತೇನೆ. ಹಿಂದಿನ 24 ಗಂಟೆಯಲ್ಲಿ 5 ಗಂಟೆ, 48 ಗಂಟೆಯಲ್ಲಿ 12 ಗಂಟೆ ಮಲಗಿಲ್ಲ ಅಂದರೆ, "ಮಲಕ್ಕೊಳ್ಳಿ ಅಣ್ಣ" ಅಂದು ಪಟ್ಟಿಯಲ್ಲಿ ಮುಂದಿನವರಿಗೆ ಫೋನ್ ಮಾಡುತ್ತೇನೆ.