ಕೇಳಿ ಹಾಕಿಸಿಕೊಂಡ ಹೆಸರು: ಥಿಯಾಗೊ ಸಿಲ್ವಾ ಅವರ ಆರನೇ ನಂಬರ್ ಜರ್ಸಿ

ಫುಟ್‌ಬಾಲ್ ಜರ್ಸಿ ಮಾರುವ ಯಾವ ಅಂಗಡಿಗೆ ಹೋದರೂ ಹ್ಯಾಂಗರ್‌ಗಳಲ್ಲಿ ತೂಗುತ್ತಿರುವುದು ಗೋಲು ಹೊಡೆಯುವವರ ಹೆಸರುಗಳೇ. ಏಳು, ಒಂಬತ್ತು, ಹತ್ತು ಎಂಬ ಸಂಖ್ಯೆಗಳು ಎಲ್ಲ ಅಳತೆಗಳಲ್ಲೂ ಸಿದ್ಧವಾಗಿ ಸಿಗುತ್ತವೆ. ಗೋಲು ತಡೆಯುವವನ ಹೆಸರು ಬೇಕೆಂದರೆ ಹೆಸರಿಲ್ಲದ ಜರ್ಸಿ ಕೊಂಡು, ಕಾದು ನಿಂತು, ಬರೆಸಿಕೊಳ್ಳಬೇಕು. ನಾನು ಹಾಗೆ ಬರೆಸಿಕೊಂಡದ್ದು ಬ್ರೆಜಿಲ್‌ನ ಥಿಯಾಗೊ ಸಿಲ್ವಾ ಅವರ ಹೆಸರನ್ನು. ಲಂಡನ್‌ನ ಚೆಲ್ಸಿ ತಂಡದ 2021–22ನೇ ಸಾಲಿನ ನೀಲಿ ಜರ್ಸಿ, ಬೆನ್ನಿನ ಮೇಲೆ ‘ಟಿ. ಸಿಲ್ವಾ’, ಅದರ ಕೆಳಗೆ 6. ಹೊಸ ಸಾಲಿನ ಜರ್ಸಿಗಳು ಬಂದ ಮೇಲೆ ಹಳೆಯವನ್ನು ಕಡಿಮೆ ಬೆಲೆಗೆ ಕೊಡುತ್ತಾರಾದ್ದರಿಂದ 2022ರ ಸೆಪ್ಟೆಂಬರ್‌ವರೆಗೆ ಕಾದು, ಬೆಂಗಳೂರಿನ ಅಲಸೂರು ಕಡೆಯ ಒಂದು ಚಿಕ್ಕ ಅಂಗಡಿಯಲ್ಲಿ ಅದನ್ನು ಕೊಂಡೆ. ಪೆಲೆ ಅವರ ಪ್ರತಿಮೆ ನಿಲ್ಲಿಸಿ ಗೌರವಿಸುವ ಗೌತಮಪುರ ಅಲ್ಲಿಂದ ದೂರವಿಲ್ಲ. ಬ್ರೆಜಿಲ್ ಆಟಗಾರನ ಹೆಸರು ಕೇಳಿದರೆ ಆ ಭಾಗದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೂ ಅಂಗಡಿಯ ಹುಡುಗ, ‘ಸರ್, ಡಿಫೆಂಡರ್ ಹೆಸರು ಯಾರೂ ಹಾಕಿಸಲ್ಲ’ ಎಂದದ್ದು ನನಗಿನ್ನೂ ನೆನಪಿದೆ.

ಕಾಲೇಜಿನ ದಿನಗಳಿಂದ ನಾನು ಆಡಿದ್ದು ಸ್ಟಾಪರ್ ಸ್ಥಾನದಲ್ಲಿ, ಅಂದರೆ ರಕ್ಷಣೆಯ ಸಾಲಿನ ನಡುವೆ. ಈಗಲೂ ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಇಳಿದರೆ ಅಲ್ಲೇ ನಿಲ್ಲುತ್ತೇನೆ. ಆದ್ದರಿಂದ ಈ ವಿಮರ್ಶೆ ಗೋಡೆಗೆ ನೇತುಹಾಕಿದ ಜರ್ಸಿಯದ್ದಲ್ಲ, ಮೂರು ಮಳೆಗಾಲಗಳ ಕೆಸರು ಕಂಡ ಜರ್ಸಿಯದ್ದು.

ಮೊದಲು ಬಟ್ಟೆಯ ಮಾತು. ಅಧಿಕೃತ ಜರ್ಸಿಗಳಲ್ಲಿ ಎರಡು ಬಗೆಗಳಿವೆ. ಆಟಗಾರರು ತೊಡುವ ಬಗೆ ಮೈಗೆ ಅಂಟಿಕೊಂಡು ಕೂರುತ್ತದೆ, ಬಲು ತೆಳುವಾಗಿರುತ್ತದೆ, ಬೆಲೆಯೂ ಹೆಚ್ಚು. ಅಭಿಮಾನಿಗಳಿಗಾಗಿ ಮಾಡಿದ ಬಗೆ ಸ್ವಲ್ಪ ಸಡಿಲ, ಸ್ವಲ್ಪ ದಪ್ಪ. ನಾನು ಆರಿಸಿಕೊಂಡದ್ದು ಎರಡನೆಯದನ್ನು, ಮತ್ತು ನಮ್ಮಂತೆ ಆಡುವವರಿಗೆ ಅದೇ ಸರಿ ಎಂದು ಈಗ ಖಚಿತವಾಗಿ ಹೇಳಬಲ್ಲೆ. ಬೆವರು ಬೇಗ ಆರುತ್ತದೆ, ಕಂಕುಳ ಬಳಿಯ ಹೊಲಿಗೆ ಇಂದಿಗೂ ಒಂದೆಳೆ ಬಿಟ್ಟಿಲ್ಲ, ಎದುರಾಳಿ ತೋಳು ಹಿಡಿದು ಜಗ್ಗಿದಾಗ ಹಿಗ್ಗಿದ ಬಟ್ಟೆ ಮತ್ತೆ ತನ್ನ ಅಳತೆಗೆ ಮರಳುತ್ತದೆ. ನೀಲಿಯ ಮೇಲೆ ನೀಲಿಯಲ್ಲೇ ಎಳೆದ ಅಂಕುಡೊಂಕು ಗೆರೆಗಳ ವಿನ್ಯಾಸ, ಅಲ್ಲಲ್ಲಿ ಹಳದಿ ಅಂಚು. ಈ ವಿನ್ಯಾಸ ಹೊರಬಂದಾಗ ಕಣ್ಣಿಗೆ ಚುಚ್ಚುತ್ತದೆ ಎಂದವರು ಬಹಳ ಮಂದಿ ಇದ್ದರು. ನನಗೆ ಹಾಗೆನಿಸಲಿಲ್ಲ. ಹತ್ತಿರದಿಂದ ನೋಡಿದರೆ ಗೆರೆಗಳು ಬಟ್ಟೆಯ ನೇಯ್ಗೆಯೊಳಗೇ ಸೇರಿಹೋದಂತೆ ಕಾಣುತ್ತವೆ, ದೂರದಿಂದ ಒಂದೇ ಬಣ್ಣ.

ಈ ಸಾಲಿನ ಜರ್ಸಿಯನ್ನೇ ಹಟ ಹಿಡಿದು ಕೊಂಡದ್ದಕ್ಕೆ ಕಾರಣವಿದೆ. ಲೆಕ್ಕದಲ್ಲಿ ಇದು 2021–22ರದ್ದಾದರೂ, 2021ರ ಮೇ 29ರಂದು ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ ನಡೆದ, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್‌ನಲ್ಲಿ ಚೆಲ್ಸಿ ಆಡಿದ್ದು ಇದನ್ನೇ ತೊಟ್ಟು. ನಮ್ಮಲ್ಲಿ ಆಗ ಲಾಕ್‌ಡೌನ್. ನಡುರಾತ್ರಿ ಕಳೆದು ಹನ್ನೆರಡೂವರೆಗೆ ಆರಂಭವಾದ ಆ ಪಂದ್ಯವನ್ನು ಮನೆಮಂದಿ ಮಲಗಿದ ಮೇಲೆ ಸದ್ದು ತಗ್ಗಿಸಿ ನೋಡಿದ್ದೆ. 39ನೇ ನಿಮಿಷದಲ್ಲಿ ಸಿಲ್ವಾ ತೊಡೆಸಂದಿನ ನೋವಿನಿಂದ ಆಟ ಬಿಟ್ಟು ಹೊರನಡೆದರು, ಅವರ ಬದಲಿಗೆ ಆಂದ್ರೆಯಾಸ್ ಕ್ರಿಸ್ಟೆನ್ಸನ್ ಒಳಬಂದರು. ಮೂರು ನಿಮಿಷಗಳ ನಂತರ ಕಾಯ್ ಹ್ಯಾವರ್ಟ್ಸ್ ಗೋಲು ಹೊಡೆದರು. ಮ್ಯಾಂಚೆಸ್ಟರ್ ಸಿಟಿಯ ವಿರುದ್ಧ ಆ ಒಂದೇ ಗೋಲಿನಿಂದ ಕಪ್ ಚೆಲ್ಸಿಯದಾಯಿತು. ಹತ್ತಾರು ವರ್ಷ ಕಾದ ಪಂದ್ಯದಲ್ಲಿ ಅರ್ಧ ಹೊತ್ತೂ ಮೈದಾನದಲ್ಲಿ ಉಳಿಯಲಾಗದೆ ಬೆಂಚಿನಿಂದ ಉಳಿದದ್ದನ್ನು ನೋಡಬೇಕಾಗಿ ಬಂದ ಆ ಮುಖ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ಸಲದ ಚಾಂಪಿಯನ್ಸ್ ಲೀಗ್‌ನ 13 ಪಂದ್ಯಗಳಲ್ಲಿ ಚೆಲ್ಸಿ ಬಿಟ್ಟುಕೊಟ್ಟದ್ದು ನಾಲ್ಕೇ ಗೋಲು. ಆ ಲೆಕ್ಕದಲ್ಲಿ ಮೂವರು ರಕ್ಷಕರ ಸಾಲಿನ ನಡುವೆ ನಿಂತು ಎಡಬಲದವರನ್ನು ಕೈಸನ್ನೆಯಲ್ಲೇ ನಡೆಸಿದ ಈ ಮನುಷ್ಯನ ಪಾಲು ಎಷ್ಟೆಂಬುದು ಪಂದ್ಯಗಳನ್ನು ನೋಡಿದವರಿಗೆ ಗೊತ್ತು.

ಪೋರ್ಟೊ ಎಂಬ ಊರು ಅವರ ಬದುಕಿನಲ್ಲಿ ಅದೇ ಮೊದಲ ಸಲ ಬಂದದ್ದಲ್ಲ. 1984ರಲ್ಲಿ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಸಿಲ್ವಾ, ಬ್ರೆಜಿಲ್‌ನ ದಕ್ಷಿಣದ ಜುವೆಂಟೂಡ್ ತಂಡದಿಂದ 2004ರಲ್ಲಿ ಯುರೋಪಿಗೆ ಬಂದು ಇಳಿದದ್ದೇ ಪೋರ್ಟೊ ಕ್ಲಬ್‌ಗೆ. ಅಲ್ಲಿ ಆಡಲು ಸಿಕ್ಕಿದ್ದು ಎರಡನೇ ತಂಡದಲ್ಲಿ ಮಾತ್ರ. ಅಲ್ಲಿಂದ 2005ರಲ್ಲಿ ಮಾಸ್ಕೊದ ಡೈನಮೊ ತಂಡಕ್ಕೆ ಹೋದರೆ, ಆಟಕ್ಕೆ ಇಳಿಯುವ ಮೊದಲೇ ಕ್ಷಯರೋಗ ಪತ್ತೆಯಾಯಿತು. ಸುಮಾರು ಆರು ತಿಂಗಳು ಅಲ್ಲಿನ ಆಸ್ಪತ್ರೆಯಲ್ಲೇ ಕಳೆದರು. ಉಸಿರೇ ಬಂಡವಾಳವಾದ ಕಸುಬಿನಲ್ಲಿ, ಭಾಷೆ ತಿಳಿಯದ ಚಳಿಯ ಊರಿನಲ್ಲಿ, ಇಪ್ಪತ್ತು ದಾಟಿದ ಹುಡುಗನೊಬ್ಬ ಶ್ವಾಸಕೋಶದ ರೋಗದಿಂದ ಮಲಗಿದ್ದಾಗ ಆಟ ಬಿಡುವ ಯೋಚನೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ಮತ್ತೆ ಆಟಗಾರನನ್ನಾಗಿ ಮಾಡಿದ್ದು 2006ರಲ್ಲಿ ಕರೆದುಕೊಂಡ ರಿಯೊದ ಫ್ಲುಮಿನೆನ್ಸ್. ಮರುವರ್ಷವೇ ಆ ತಂಡ ಬ್ರೆಜಿಲ್ ಕಪ್ ಗೆದ್ದಿತು. ಮೊದಲ ಸಲ ಯುರೋಪ್ ಕೈಬಿಟ್ಟ ಆಟಗಾರ ಹದಿನೇಳು ವರ್ಷಗಳ ನಂತರ ಅದೇ ಪೋರ್ಟೊ ನಗರದಲ್ಲಿ ಯುರೋಪಿನ ಅತಿ ದೊಡ್ಡ ಕಪ್ ಎತ್ತಿದರು. ನನಗೆ ಈ ಜರ್ಸಿ ಬೇಕಾದದ್ದು ಅದಕ್ಕಾಗಿ.

ಇನ್ನು ಹೆಸರು ಬರೆಸಿದ ಕಥೆ. ಈ ವಿಷಯದಲ್ಲಿ ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ಬಹಳ ಇದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಮಾದರಿಯ ಅಕ್ಷರ ಮತ್ತು ಅಂಕಿ ಇರುತ್ತವೆ, ಯುರೋಪಿನ ಪಂದ್ಯಾವಳಿಗಳಿಗೆ ಕ್ಲಬ್‌ಗಳು ತಮ್ಮದೇ ಮಾದರಿ ಬಳಸಬಹುದು. ಫೈನಲ್‌ನ ಜರ್ಸಿ ಬೇಕೆಂದು ಕೇಳಿದ ನನಗೆ ಅಂಗಡಿಯವರು ಹಾಕಿಕೊಟ್ಟದ್ದು ಪ್ರೀಮಿಯರ್ ಲೀಗ್ ಮಾದರಿಯ ಬಿಳಿ ಅಂಕಿ. ಹೆಸರಿನಲ್ಲಿ ‘ಟಿ’ ಅಕ್ಷರಕ್ಕೂ ಚುಕ್ಕಿಗೂ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟಿದ್ದರು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಮೂರನೇ ಒಗೆತಕ್ಕೆ ಆರರ ಹೊಟ್ಟೆಯ ಎಡ ಅಂಚು ಏಳತೊಡಗಿತು, ಆರನೇ ಒಗೆತಕ್ಕೆ ಉಗುರು ಹಾಕಿದರೆ ಸುಲಿದು ಬರುವಂತಾಯಿತು. ಜರ್ಸಿಯನ್ನು ತಿರುವಿ, ತಣ್ಣೀರಿನಲ್ಲಿ, ಕೈಯಲ್ಲೇ ಒಗೆದಿದ್ದೆನಾದ್ದರಿಂದ ತಪ್ಪು ಒಗೆತದ್ದಲ್ಲ ಎಂದು ನನಗೆ ಗೊತ್ತಿತ್ತು. ಅಂಕಿಯ ಹಾಳೆಯನ್ನು ಬಟ್ಟೆಗೆ ಒತ್ತುವ ಯಂತ್ರದ ಶಾಖ ಕಡಿಮೆಯಾದರೆ ಅಂಟು ಹಿಡಿಯುವುದಿಲ್ಲ, ಹೆಚ್ಚಾದರೆ ಪಾಲಿಯೆಸ್ಟರ್ ಬಟ್ಟೆ ಹೊಳಪುಗಟ್ಟಿ ಕೆಡುತ್ತದೆ. ಬಟ್ಟೆ ಹಾಳಾದೀತೆಂಬ ಭಯಕ್ಕೆ ಅವರು ಶಾಖ ತಗ್ಗಿಸಿದ್ದರು.

ವಾಪಸು ತೆಗೆದುಕೊಂಡು ಹೋದಾಗ ಮೊದಲು ‘ಪ್ರಿಂಟಿಂಗ್‌ಗೆ ಗ್ಯಾರಂಟಿ ಇಲ್ಲ’ ಎಂಬ ಉತ್ತರ ಬಂತು. ಅಂಗಡಿಯ ಹಿರಿಯರು ಒಳಗಿನಿಂದ ಬಂದು, ಜರ್ಸಿಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಮಾತಿಲ್ಲದೆ ಹಳೆಯದನ್ನು ಕಾಯಿಸಿ ಕಿತ್ತು, ಹಣ ಕೇಳದೆ ಹೊಸದಾಗಿ ಹಾಕಿಕೊಟ್ಟರು. ಈ ಸಲ ನಾನು ಮೊಬೈಲ್‌ನಲ್ಲಿ ಫೈನಲ್‌ನ ಚಿತ್ರ ತೋರಿಸಿ ಅದೇ ಮಾದರಿಯನ್ನು ಹೇಳಿ ಹಾಕಿಸಿದೆ. ಆ ಅಂಕಿ ಇಂದಿಗೂ ಗಟ್ಟಿಯಾಗಿದೆ. ಆದರೆ ಓರೆಯಾಗಿ ಬಿಸಿಲಿಗೆ ಹಿಡಿದರೆ ಅದರ ಪಕ್ಕದಲ್ಲಿ ಹಳೆಯ ಆರರ ತೆಳು ನೆರಳು ಈಗಲೂ ಕಾಣುತ್ತದೆ. ಒಮ್ಮೆ ಒತ್ತಿದ ಅಂಕಿಯ ಗುರುತು ಪಾಲಿಯೆಸ್ಟರ್‌ನಿಂದ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹಾಕಿಸುವ ಮೊದಲೇ ಅಕ್ಷರಗಳನ್ನು ಬಟ್ಟೆಯ ಮೇಲೆ ಜೋಡಿಸಿ ತೋರಿಸಲು ಕೇಳಿರಿ, ಒಪ್ಪಿದ ಮೇಲಷ್ಟೇ ಒತ್ತಲು ಹೇಳಿರಿ.

ಚೆಲ್ಸಿಯ ಆರೇ ಏಕೆ, ಪ್ಯಾರಿಸ್‌ನ ಎರಡು ಏಕಲ್ಲ ಎಂದು ಆಟ ಬಲ್ಲ ಗೆಳೆಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಸಿಲ್ವಾ ಅತಿ ಹೆಚ್ಚು ಕಾಲ ಆಡಿದ್ದು ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ. 2012ರಿಂದ 2020ರವರೆಗೆ 315 ಪಂದ್ಯ, ಏಳು ಫ್ರೆಂಚ್ ಲೀಗ್ ಪ್ರಶಸ್ತಿ, ನಾಯಕನ ಪಟ್ಟಿ. 2015ರ ಮಾರ್ಚ್ 11ರ ರಾತ್ರಿ ಚೆಲ್ಸಿಯ ತವರು ನೆಲವಾದ ಲಂಡನ್‌ನ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ, ಚಾಂಪಿಯನ್ಸ್ ಲೀಗ್‌ನಲ್ಲಿ ಅದೇ ಚೆಲ್ಸಿಯ ಎದುರು ಅವರು ಆಡಿದ ಆಟವನ್ನು ಮರೆಯುವಂತಿಲ್ಲ. ಇಬ್ರಾಹಿಮೊವಿಚ್ 31ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದದ್ದರಿಂದ ಹತ್ತು ಜನರ ತಂಡ. ಹೆಚ್ಚುವರಿ ಅವಧಿಯಲ್ಲಿ ಸಿಲ್ವಾ ಅವರ ಕೈಗೇ ಚೆಂಡು ತಗುಲಿ ಚೆಲ್ಸಿಗೆ ಪೆನಾಲ್ಟಿ, ಅದರಲ್ಲಿ ಗೋಲು. ಆಟ ಮುಗಿಯಲು ಇನ್ನೇನು ಆರು ನಿಮಿಷ ಇದ್ದಾಗ ಅದೇ ಸಿಲ್ವಾ ಕಾರ್ನರ್‌ಗೆ ಎಗರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿ 2–2 ಮಾಡಿದರು. ಎರಡು ಪಂದ್ಯಗಳ ಒಟ್ಟು ಗೋಲು ಸಮವಾದರೆ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರು ಗೆಲ್ಲುವ ಆಗಿನ ನಿಯಮದಂತೆ ಪ್ಯಾರಿಸ್ ಮುಂದೆ ಹೋಯಿತು. ತಾನು ಮಾಡಿದ ತಪ್ಪನ್ನು ಅದೇ ಪಂದ್ಯದಲ್ಲಿ ತಾನೇ ತೊಳೆದುಕೊಂಡ ರಕ್ಷಕರನ್ನು ನಾನು ಹೆಚ್ಚು ಕಂಡಿಲ್ಲ. ಅದರೊಂದಿಗೆ 2017ರಲ್ಲಿ ಬಾರ್ಸಿಲೋನಾದಲ್ಲಿ 6–1ರಿಂದ ಸೋತ ತಂಡದ ನಾಯಕರೂ ಅವರೇ, 2020ರಲ್ಲಿ ಲಿಸ್ಬನ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಜರ್ಮನಿಯ ಬಯರ್ನ್ ಎದುರು 1–0ಯಿಂದ ಸೋತು ಪ್ಯಾರಿಸ್‌ಗೆ ವಿದಾಯ ಹೇಳಿದವರೂ ಅವರೇ. ಆ ಎಂಟು ವರ್ಷಗಳು ದೊಡ್ಡವು, ಆದರೆ ಬಯಸಿದ್ದು ಸಿಗದೆ ಮುಗಿದವು.

ಚೆಲ್ಸಿಗೆ ಬಂದಾಗ ಅವರಿಗೆ 35 ಮುಗಿಯುತ್ತಿತ್ತು. ವಯಸ್ಸಾದವರಿಗೆ ಇಂಗ್ಲೆಂಡಿನ ವೇಗ ತಡೆಯದು ಎಂದವರಿಗೆ ಮೊದಲ ಲೀಗ್ ಪಂದ್ಯವೇ ಪುರಾವೆಯಂತೆ ಒದಗಿತು. ವೆಸ್ಟ್ ಬ್ರಾಮ್ ವಿರುದ್ಧ ಕಾಲಡಿಯ ಚೆಂಡು ಜಾರಿ ಎದುರಾಳಿಗೆ ಗೋಲು ಸಿಕ್ಕಿತು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ತಂಡದ ಎದುರು ಕೆಂಪು ಕಾರ್ಡ್, 5–2ರ ಸೋಲು. ಅದಾಗಿ ಎರಡು ತಿಂಗಳೊಳಗೆ ಪೋರ್ಟೊ. ನಾಲ್ಕು ಸೀಸನ್‌ಗಳಲ್ಲಿ 155 ಪಂದ್ಯ ಆಡಿ, 39ನೇ ವಯಸ್ಸಿನಲ್ಲಿ, 2024ರಲ್ಲಿ ಫ್ಲುಮಿನೆನ್ಸ್‌ಗೆ ಮರಳಿದರು. ಬ್ರೆಜಿಲ್ ಹಳದಿಯಲ್ಲಿ ಆಡಿದ್ದು 113 ಪಂದ್ಯ. 2014ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಗೋಲು ಹೊಡೆದೂ ಹಳದಿ ಕಾರ್ಡ್‌ನಿಂದಾಗಿ ಜರ್ಮನಿ ಎದುರಿನ ಸೆಮಿಫೈನಲ್ ತಪ್ಪಿತು. ಆ ದಿನ ಬ್ರೆಜಿಲ್ ಏಳು ಗೋಲು ತಿಂದಿತು. ಅವರಿದ್ದಿದ್ದರೆ ಗೆಲ್ಲುತ್ತಿತ್ತು ಎಂದು ನಾನು ಹೇಳಲಾರೆ, ಆದರೆ ನಡುವಿನ ಆ ಬಾಗಿಲು ಅಷ್ಟು ಹೊತ್ತು ಹಾಗೆ ತೆರೆದಿರುತ್ತಿರಲಿಲ್ಲ ಎಂಬುದನ್ನು ನಂಬುತ್ತೇನೆ.

ಈ ಜರ್ಸಿ ತೊಟ್ಟು ಆಡುವಾಗ ನಾನು ಅವರಿಂದ ಕಲಿಯಲು ಯತ್ನಿಸುವುದು ಒಂದೇ. ಸಿಲ್ವಾ ನೆಲಕ್ಕೆ ಬಿದ್ದು ಚೆಂಡು ಕಸಿಯುವುದು ಅಪರೂಪ. ಚೆಂಡು ಬರುವ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದು, ಓಡಿ ಬರುವವನಿಗೂ ಗೋಲಿಗೂ ನಡುವಿನ ಜಾಗದಲ್ಲಿ ಹೋಗಿ ನಿಂತಿರುತ್ತಾರೆ. ಪ್ಯಾರಿಸ್‌ಗೂ ಮೊದಲು ಇಟಲಿಯ ಮಿಲಾನ್ ತಂಡದಲ್ಲಿ ಅವರು 33ನೇ ನಂಬರ್ ತೊಟ್ಟಿದ್ದ ದಿನಗಳ ಆಟ ನೋಡಿದರೆ ಈ ಗುಣ ಆಗಲೇ ಕಾಣುತ್ತದೆ. 2009ರ ಜನವರಿಯಲ್ಲಿ ಅಲ್ಲಿಗೆ ಸೇರಿದರೂ ವಿದೇಶಿ ಆಟಗಾರರ ಮಿತಿಯ ನಿಯಮದಿಂದ ಆ ಬೇಸಿಗೆಯವರೆಗೆ ಅಧಿಕೃತ ಪಂದ್ಯ ಆಡುವಂತಿರಲಿಲ್ಲ. ಇಟಲಿಯ ಹೆಸರಾಂತ ರಕ್ಷಕ ಮಾಲ್ದೀನಿ ನಿವೃತ್ತರಾಗುವ ಮೊದಲಿನ ಕೊನೆಯ ತಿಂಗಳುಗಳಲ್ಲಿ ಅವರೊಂದಿಗೆ ತರಬೇತಿ, ನಂತರ ಅಂಥದೇ ಇನ್ನೊಬ್ಬ ರಕ್ಷಕ ನೆಸ್ತಾ ಪಕ್ಕದಲ್ಲಿ ಆಟ. ರಕ್ಷಕನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗಲಾರದು. 2010–11ರಲ್ಲಿ ಮಿಲಾನ್ ಇಟಲಿಯ ಲೀಗ್ ಗೆದ್ದಾಗ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 24 ಗೋಲು.

ಜರ್ಸಿಯ ಬಟ್ಟೆಗೆ ಮತ್ತು ಹೊಲಿಗೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮೊದಲ ಸಲದ ಅಂಕಿ ಹಾಕುವ ಕೆಲಸ ಕಳಪೆ, ಎರಡನೇ ಸಲದ್ದು ಉತ್ತಮ, ತಪ್ಪನ್ನು ಒಪ್ಪಿ ಸರಿಪಡಿಸಿದ ಆ ಹಿರಿಯರ ನಡತೆ ಇನ್ನೂ ಉತ್ತಮ. ಅಳತೆಯ ವಿಷಯದಲ್ಲಿ, ಒಳಗೆ ಬನಿಯನ್ ಹಾಕಿ ಆಡುವವರು ತಮ್ಮ ಅಂಗಿಯ ಅಳತೆಗಿಂತ ಒಂದು ಹೆಚ್ಚು ತೆಗೆದುಕೊಳ್ಳುವುದು ಒಳಿತು. ಅಂಕಿಯ ಮೇಲೆ ಇಸ್ತ್ರಿ ಆಡಿಸಬಾರದು, ನೆರಳಿನಲ್ಲಿ ಒಣಗಿಸಬೇಕು. ಹೋದ ತಿಂಗಳು ಅದೇ ಅಂಗಡಿಗೆ ಹೋಗಿ ಮಿಲಾನ್‌ನ ಕೆಂಪು ಕಪ್ಪು ಪಟ್ಟೆಯ ಹಳೆಯ ಜರ್ಸಿಯೊಂದನ್ನು ಹುಡುಕಿಕೊಡಲು ಹೇಳಿ ಬಂದೆ. ಹೆಸರೇನೆಂದು ಆ ಹುಡುಗ ಈ ಸಲ ಕೇಳಲಿಲ್ಲ. ಚೀಟಿಯಲ್ಲಿ 33 ಎಂದು ಬರೆದುಕೊಂಡು, ‘ಇದಕ್ಕೆ ಪೂರ್ತಿ ಹೆಸರು ಬರುತ್ತಲ್ವಾ ಸರ್, ಬರೀ ಟಿ ಅಲ್ಲ?’ ಎಂದು ಕೇಳಿದ.